ಯಜಮಾನರ ಬೀಗ

ಆ ವರ್ಕ್‌ಶಾಪಿನಲ್ಲಿ ಅವಳು ಎಲ್ಲರಿಗೂ ಚಿಕ್ಕಮ್ಮ. ಅವಳಿಗಿಂತ ಹಿರಿಯರಾದ ಸ್ಟೋರ್ ಕೀಪರ್‌ಗೂ ಚಿಕ್ಕಮ್ಮನೇ. ಇದಕ್ಕೆಲ್ಲ ಕಾರಣ ಅವಳ ಅಕ್ಕನ ಮಗ. ಇಂಜಿನಿಯರಾಗಿ ಸೇರಿದ ದಿನವೇ ಆ ಮಹಾಶಯ ಇಡೀ ಹಾಲಿಗೆ ಕೇಳುವಂತೆ, "ಚಿಕ್ಕಮ್ಮಾ, ನನ್ನ ಕುರ್ಚಿ ಯಾವುದು?" ಎಂದು ಕೂಗಿದ್ದ. ಅಲ್ಲಿಗೆ ಅವಳ ಹೆಸರು ಸಂಬಳದ ಚೀಟಿಯಲ್ಲಷ್ಟೇ ಉಳಿಯಿತು.

ಅಲ್ಲಿ ತಯಾರಾಗುತ್ತಿದ್ದದ್ದು, ತಿಂಗಳು ತುಂಬದೆ ಹುಟ್ಟಿದ ಮಕ್ಕಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರ್. ಅದರೊಳಗಿನ ಪುಟ್ಟ ಕಂಪ್ಯೂಟರ್ ಹತ್ತಾರು ಕೆಲಸಗಳನ್ನು ತುರ್ತಿನ ದರ್ಜೆಯ ಪ್ರಕಾರ ಮಾಡಬೇಕು. ಮಗುವಿನ ಮೈಶಾಖ ನೋಡುವ ಕೆಲಸಕ್ಕೆ ಮೊದಲ ದರ್ಜೆ. ಅದೇ ತಡವಾದರೆ, ಏನೋ ಕೆಟ್ಟಿದೆ ಎಂದುಕೊಂಡು ಯಂತ್ರ ತಾನೇ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಹೊಸ ಮಾದರಿ ಈಚೆಗೆ ಮನಸ್ಸು ಬಂದಾಗಲೆಲ್ಲ ಆರಿ ಹೊತ್ತಿಕೊಳ್ಳುತ್ತಿತ್ತು. ಅದೂ ಅಕ್ಕನ ಮಗ ಪರದೆಯ ಮೇಲೆ ಶಾಖದ ಗೆರೆ ಎಳೆಯುವ ಕೆಲಸ ಸೇರಿಸಿದ ಮೇಲೆ.

"ಮಧ್ಯಾಹ್ನ ಆಸ್ಪತ್ರೆಯಿಂದ ಹೆಡ್ ನರ್ಸ್ ಬರ್ತಾರೆ. ಅಷ್ಟರೊಳಗೆ ಆ ಗೆರೆ ಕಿತ್ತುಹಾಕಿ," ಎಂದರು ಯಜಮಾನರು. "ಬರೆದವನು ನಾಳೆಯಿಂದ ಪ್ಯಾಕಿಂಗಿಗೆ ಹೋಗ್ಲಿ. ಮಿಕ್ಕ ಪ್ರೋಗ್ರಾಮೆಲ್ಲ ನಾನು ಬರೆದದ್ದು. ವರ್ಷಗಟ್ಟಲೆ ಓಡಿದೆ, ಒಂದು ದಿನ ಕೆಮ್ಮಿಲ್ಲ, ಸೀನಿಲ್ಲ."

"ಮಧ್ಯಾಹ್ನಕ್ಕೆ ಇನ್ನೂ ಟೈಮಿದೆ ಸಾರ್. ಎಲ್ಲಿ ಕೆಟ್ಟಿದೆ ಅಂತ ಹಿಡೀತೀನಿ," ಎಂದಳು ಚಿಕ್ಕಮ್ಮ. "ತಪ್ಪು ಅವನದೇ ಆದ್ರೆ ನಾನೇ ಕಿವಿ ಹಿಡಿದು ಪ್ಯಾಕಿಂಗಿಗೆ ಬಿಟ್ಟು ಬರ್ತೀನಿ."

ಹಿಡಿಯುವುದು ಸುಲಭವಿರಲಿಲ್ಲ. ಕೇಬಲ್ ಹಾಕಿ ಒಳಗೆ ಇಣುಕಿದರೆ ಯಂತ್ರದ ನಡಿಗೆಯೇ ಬದಲಾಗುತ್ತಿತ್ತು. ನೋಡುವವರಿದ್ದಾಗ ಸಾಧು, ಕೇಬಲ್ ಕಿತ್ತರೆ ತಂಟೆ. ಚಿಕ್ಕಮ್ಮ ಕೇಬಲ್ಲಿನ ಸಹವಾಸವನ್ನೇ ಬಿಟ್ಟಳು. ಕಂಪ್ಯೂಟರ್ ಚಿಪ್‌ನಲ್ಲಿ ಖಾಲಿ ಬಿದ್ದಿದ್ದ ಪಿನ್ನುಗಳಿಗೆ, ಅಂದರೆ ಅದರ ಕಾಲುಗಳಿಗೆ, ಕೂದಲೆಳೆಯಂಥ ತಂತಿ ಬೆಸೆದಳು. ಪ್ರತಿಯೊಂದು ಕೆಲಸವೂ ಶುರುವಾದಾಗ ತನ್ನ ಕಾಲಿಗೆ ಕರೆಂಟು ಕೊಡಬೇಕು, ಮುಗಿದಾಗ ತೆಗೆಯಬೇಕು. ತಂತಿಗಳ ಇನ್ನೊಂದು ತುದಿ, ಕರೆಂಟಿನ ಏರಿಳಿತ ತೋರಿಸುವ ಆಸಿಲೋಸ್ಕೋಪಿಗೆ. ಅದರ ಪರದೆಯಲ್ಲಿ ಯಾರು ಯಾವಾಗ ಎದ್ದರು, ಯಾವಾಗ ಕೂತರು ಎಂಬುದೆಲ್ಲ ಬಯಲು.

"ಈಗ ನಿನ್ನ ಗೆರೆಗೆ ಕೈತುಂಬ ಕೆಲಸ ಕೊಡು," ಎಂದಳು ಅಕ್ಕನ ಮಗನಿಗೆ.

ಅವನ ಮುಖ ಸಪ್ಪಗಾಯಿತು. "ಚಿಕ್ಕಮ್ಮಾ, ಇದು ನನ್ನ ಕುತ್ತಿಗೆಗೆ ನಾನೇ ಹಗ್ಗ ಹಾಕ್ಕೊಂಡ ಹಾಗಲ್ವಾ?"

"ಹಾಕ್ಕೋ. ಬಿಚ್ಚೋದು ನನಗೆ ಬಿಡು."

ಅವನು ಗೆರೆ ಎಳೆಯುವ ವೇಗ ಹೆಚ್ಚಿಸಿದ. ಇಬ್ಬರೂ ಕಾದರು. ಯಂತ್ರ ಆರಿತು. ಅದೇ ಗಳಿಗೆಯ ಚಿತ್ರವನ್ನು ಸ್ಕೋಪು ಹಿಡಿದು ನಿಲ್ಲಿಸಿತು. ಚಿಕ್ಕಮ್ಮ ಬಗ್ಗಿ ನೋಡಿದಳು, ಕನ್ನಡಕ ಏರಿಸಿ ಮತ್ತೆ ನೋಡಿದಳು, ಆಮೇಲೆ ಬಾಯ್ತುಂಬ ನಕ್ಕಳು.

"ಯಜಮಾನರನ್ನ ಕರಿ. ಕಳ್ಳ ಸಿಕ್ಕಿದ."

ಯಜಮಾನರು ಬಂದರು. ಅವಳು ಪೆನ್ನಿನ ತುದಿಯಿಂದ ತೋರಿಸಿದಳು. "ಮನೆಗೆ ಒಂದೇ ಬಾತ್‌ರೂಮು ಅಂದ್ಕೊಳ್ಳಿ ಸಾರ್. ಒಳಗೆ ತಾತ, ಚಿಲಕ ಹಾಕ್ಕೊಂಡಿದ್ದಾರೆ. ಹೊರಗೆ ಮೊಮ್ಮಗ, ತಡೆಯೋಕಾಗ್ತಿಲ್ಲ. ತಾತ ಇನ್ನೇನು ಬರಬೇಕು, ಅಷ್ಟರಲ್ಲಿ ಭಾವ ಬಂದು ಬಾಗಿಲಾಚೆಯಿಂದಲೇ ತಾತನ್ನ ಮಾತಿಗೆಳೆದ. ಮೊಮ್ಮಗನ ಗತಿ?"

"ಭಾವ ಯಾರು? ಇವನ ಗೆರೆ ತಾನೆ?"

"ಹೌದು, ನಡು ದರ್ಜೆ. ಮೊಮ್ಮಗ ಶಾಖ ನೋಡೋನು. ತಾತ, ಎಲ್ಲಾ ಮೆಮೊರಿಗೆ ಬರೆದಿಡೋ ಕೊನೆ ದರ್ಜೆ ಕೆಲಸ. ಇಬ್ಬರಿಗೂ ಬೇಕಾದ ಒಳಗಿನ ತಂತಿ ಒಂದೇ, ಒಬ್ಬರಿದ್ದಾಗ ಇನ್ನೊಬ್ಬರು ನುಗ್ಗದ ಹಾಗೆ ಪ್ರೋಗ್ರಾಮಿನಲ್ಲಿ ಅದಕ್ಕೊಂದು ಬೀಗ. ಹೊರಗೆ ಅರ್ಜೆಂಟಿನವರು ಕಾಯ್ತಿದ್ರೆ ಒಳಗಿದ್ದವರಿಗೂ ಅಷ್ಟೇ ದರ್ಜೆ ಬರಬೇಕು, ಆಗ ಯಾವ ಭಾವನೂ ಅಡ್ಡ ಬರೋ ಹಾಗಿಲ್ಲ. ಈ ಬೀಗದಲ್ಲಿ ಆ ಏರ್ಪಾಡಿಲ್ಲ. ಹಿಂದೆ ಮನೇಲಿ ಭಾವ ಇರಲಿಲ್ಲ, ನಡೀತು."

ಯಜಮಾನರು ಬಗ್ಗಿ ಸ್ಕೋಪಿನ ಚಿತ್ರದ ಮೇಲೆ ಈ ತುದಿಯಿಂದ ಆ ತುದಿಗೆ ಬೆರಳಾಡಿಸಿದರು. ಆ ಬೀಗ ಬರೆದವರು ಯಾರೆಂದು ಅಲ್ಲಿ ಯಾರೂ ಹೇಳಬೇಕಾಗಿರಲಿಲ್ಲ.

"ಸರಿ ಮತ್ತೆ, ಬದಲಾಯಿಸಿ."

ಚಿಕ್ಕಮ್ಮ ಎದ್ದು ತನ್ನ ಕುರ್ಚಿಯನ್ನು ಅವರತ್ತ ತಳ್ಳಿದಳು. ಒಂದೇ ಸಾಲಿನ ಕೆಲಸ, ಕಣ್ಣು ಮುಚ್ಚಿ ಮಾಡಬಲ್ಲಳು. ಆದರೆ ಅವಳು ಮಾಡಿದರೆ ಅಕ್ಕನ ಮಗನನ್ನು ಚಿಕ್ಕಮ್ಮ ಉಳಿಸಿಕೊಂಡಳು ಎಂಬ ಮಾತು ಈ ಹಾಲಿನಲ್ಲಿ ಅವನು ನಿವೃತ್ತನಾಗುವವರೆಗೂ ಓಡಾಡುತ್ತದೆ.

"ನಿಮ್ಮ ಬೀಗ ಸಾರ್. ನಿಮ್ಮ ಕೈಯಿಂದಲೇ ಆಗ್ಲಿ."

ಅಕ್ಕನ ಮಗ ಎರಡು ಹೆಜ್ಜೆ ಹಿಂದೆ ಸರಿದ. ಯಜಮಾನರು ಅವಳನ್ನು ದುರುಗುಟ್ಟಿ ನೋಡಿದರು, ಅಂಗಿಯ ತೋಳು ಮಡಿಸಿದರು, ಕೂತರು.

ಮಧ್ಯಾಹ್ನ ಬಂದ ಹೆಡ್ ನರ್ಸ್ ಗುಂಡಿಗಳನ್ನೆಲ್ಲ ಒಂದೂ ಬಿಡದೆ ಒತ್ತಿ ನೋಡಿದರು. ಗೆರೆ ಎಲ್ಲೂ ತುಂಡಾಗದೆ ಪರದೆಯ ಉದ್ದಕ್ಕೂ ಸಾಗಿತು. ಅವರು ಅದರ ಮೇಲೆ ಬೆರಳಾಡಿಸಿದರು.

"ಇದೇ ನನಗೆ ಬೇಕಾಗಿದ್ದು. ಪಾಳಿ ಬದಲಾದಾಗ ಮಗು ಹೇಗಿತ್ತು ಅಂತ ಇನ್ಮೇಲೆ ಯಾರನ್ನೂ ಕೇಳಬೇಕಾಗಿಲ್ಲ. ಅಂದ ಹಾಗೆ, ಹೋದ ಸಲ ಬಂದಾಗ ಆರಿಹೋಯ್ತಲ್ಲ, ಏನಾಗಿತ್ತು?"

ಅಕ್ಕನ ಮಗ ತನ್ನ ಬೂಟು ನೋಡಿಕೊಂಡ. ಚಿಕ್ಕಮ್ಮ ಉತ್ತರ ಸಿದ್ಧವಿಟ್ಟುಕೊಂಡಿದ್ದಳು, ಆದರೆ ಯಜಮಾನರು ಅವಳಿಗಿಂತ ಮೊದಲೇ ಬಾಯಿ ತೆರೆದರು.

"ನನ್ನ ತಪ್ಪು ಸಿಸ್ಟರ್. ಹಳೇದು. ಇವನ ಗೆರೆ ಇಲ್ಲದಿದ್ರೆ ಇವತ್ತು ಗೊತ್ತಾಗ್ತಿರಲಿಲ್ಲ. ಮುಂದೆ ಯಾವತ್ತೋ, ಒಳಗೆ ಮಗು ಇದ್ದಾಗ ಗೊತ್ತಾಗ್ತಿತ್ತು."

ಚಿಕ್ಕಮ್ಮನಿಗೆ ಹೆಮ್ಮೆಯಾಯಿತು, ಅಕ್ಕನ ಮಗನ ಬಗ್ಗೆ ಅರ್ಧ, ಯಜಮಾನರ ಬಗ್ಗೆ ಅರ್ಧ. ಕಣ್ಣು ತುಂಬಿದ್ದು ಕಾಣದಿರಲೆಂದು ಅವಳು ಎಲ್ಲರಿಗೂ ಬೆನ್ನು ತಿರುಗಿಸಿ, ಆಗಲೇ ಆರಿಸಿಟ್ಟಿದ್ದ ಸ್ಕೋಪಿನ ಗುಂಡಿಯನ್ನು ತಿರುಗಿಸುತ್ತ ನಿಂತಳು.