ರಿಪೇರಿ ಬಾರದ ರಿಪೇರಿಯಣ್ಣ

ಟೈಲರಮ್ಮ ಗಂಡನ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ಅಂಗಿ ಅವನ ಮೈಮೇಲೆಯೇ ಇತ್ತು. ಒಗೆದು ಮಡಿಸಿಟ್ಟಿದ್ದ ಬಿಳಿ ಅಂಗಿ ತೊಡಿಸಿದ ಮೇಲೆ ನೋಡಿದರೆ ಮೂರನೆಯ ಗುಂಡಿಯೇ ಇಲ್ಲ. ಊರಿಗೆಲ್ಲ ಬಟ್ಟೆ ಹೊಲಿಯುವವಳ ಗಂಡ ಗುಂಡಿಯಿಲ್ಲದ ಅಂಗಿಯಲ್ಲಿ ಹೋಗುವುದೇ? ಸೂಜಿ ದಾರ ತಂದು ಹೆಣದ ಪಕ್ಕ ಕೂತುಬಿಟ್ಟಿದ್ದಳು.

"ಬಿಡಮ್ಮ, ಎಲ್ಲರೂ ನೋಡ್ತಿದಾರೆ," ಎಂದಳು ಮಗಳು.

"ನೋಡ್ಲಿ."

ಬೆನ್ನ ಹಿಂದೆ, ಹೊಲಿಗೆಯಂಗಡಿಯೂ ಆಗಿದ್ದ ಮುಂದಿನ ಕೋಣೆಯಲ್ಲಿ, ಗಂಡಸರು ಗೋಡೆಗೊರಗಿ ನಿಂತು ಮೆಲ್ಲಗೆ ಮಾತಾಡುತ್ತಿದ್ದರು.

"ನಮ್ಮ ಗಿರಣಿ ಮೋಟರ್ ನೋಡೋಕೆ ಬರ್ತಿದ್ರು, ಪಾಪ," ಎಂದ ಹಿಟ್ಟಿನ ಗಿರಣಿಯವನು. "ಪ್ರತಿ ಮಂಗಳವಾರ ತಪ್ಪಿಸ್ತಿರಲಿಲ್ಲ. ಮೋಟರ್ ಮಾತ್ರ ಮೊದಲು ಹೇಗಿತ್ತೋ ಈಗಲೂ ಹಾಗೇ ಇದೆ!"

ಯಾರೋ ಕಿಸಕ್ಕೆಂದರು.

"ನಮ್ಮನೆ ರೇಡಿಯೋ ಕಥೆನೂ ಅದೇ," ಎಂದರು ನಿವೃತ್ತ ಹೆಡ್‌ಮಾಸ್ತರು. "ಬಿಚ್ಚೋರು, ಮುಚ್ಚೋರು. ಮಧ್ಯೆ ಒಂದು ಗಂಟೆ ಮಾತು."

"ನಮ್ಮನೇಲಿ ಫ್ಯಾನು," ಎಂದ ಬಸ್ ಡ್ರೈವರ್. "ಒಳ್ಳೆ ಮನುಷ್ಯ ಬಿಡಿ. ಕೆಲಸ ಬರ್ತಿರಲಿಲ್ಲ, ಅಷ್ಟೇ."

ಟೈಲರಮ್ಮ ಗಂಡನ ಎದೆಯ ಮೇಲೆ ಬಗ್ಗಿ ದಾರವನ್ನು ಹಲ್ಲಿನಿಂದ ಕಡಿದಳು. ಕಡಿದ ಮೇಲೂ ಹಲ್ಲು ಬಿಗಿದೇ ಇತ್ತು. ಕೆಲಸ ಬರ್ತಿರಲಿಲ್ಲವಂತೆ! ನಿಜ, ಅವನಿಗೆ ಬಲ್ಬು ಬದಲಿಸುವುದೂ ಬರುತ್ತಿರಲಿಲ್ಲ. ಈ ಮನೆಯಲ್ಲಿ ಫ್ಯೂಸ್ ಹೋದರೆ ಸ್ಟೂಲು ಹತ್ತುತ್ತಿದ್ದವಳು ಅವಳೇ. ಅವನ ಕೆಲಸ ಬೇರೆಯಿತ್ತು. ಕುಡಿತ ಬಿಡಲಾಗದವರು, ಹಾಸಿಗೆ ಬಿಟ್ಟು ಏಳಲಾಗದವರು, ಹಗ್ಗ ಹುಡುಕುತ್ತ ಕೊಟ್ಟಿಗೆಯವರೆಗೆ ಹೋಗಿ ಬಂದವರು, ಅಂಥವರ ಮುಂದೆ ಕೂತು ಮಾತು ಕೇಳುವುದು. ಹನ್ನೊಂದು ಹಳ್ಳಿ, ಒಂದು ಮೊಪೆಡ್, ಇಪ್ಪತ್ತೆಂಟು ವರ್ಷ.

ಯಾರ ಮನೆಯಲ್ಲಿ ಏನು ಎಂದು ಅವನು ಒಂದು ದಿನವೂ ಬಾಯಿಬಿಟ್ಟವನಲ್ಲ. ಆದರೆ ಅಳತೆಯ ಟೇಪು ಹಿಡಿದವಳಿಗೆ ತಿಳಿಯದೆ ಇರುತ್ತದೆಯೇ? ಹೆಂಡತಿ ಸತ್ತ ವರ್ಷ ಹೆಡ್‌ಮಾಸ್ತರರ ಅಂಗಿಗಳು ಬಡಿಗೆಗೆ ತೊಡಿಸಿದ ಹಾಗೆ ಜೋಲುತ್ತಿದ್ದವು. ರೇಡಿಯೋ ರಿಪೇರಿ ಶುರುವಾದ ಆರು ತಿಂಗಳಿಗೆ ಭುಜ ತುಂಬಿತು. ಅಳತೆ ಕೊಡಲು ಡ್ರೈವರ್ ಕೈ ಚಾಚಿದರೆ ಬೆರಳು ನಡುಗುತ್ತಿದ್ದವು. ಆಮೇಲೊಂದು ಸಲ ನಡುಗಲಿಲ್ಲ. ಗಿರಣಿಯವನ ಹೆಂಡತಿ ಬೇಸಿಗೆಯಲ್ಲೂ ಮೊಣಕೈವರೆಗಿನ ತೋಳೇ ಬೇಕು ಎನ್ನುತ್ತಿದ್ದವಳು, ಹೋದ ವರ್ಷ ತಾನಾಗಿ ಹೇಳಿದ್ದಳು: "ಈ ಸಲ ಗಿಡ್ಡ ತೋಳೇ ಇರಲಿ ಅಕ್ಕ, ಸೆಕೆ."

ಈಗ ಅವರೆಲ್ಲ ಅವನ ಹೆಣದ ಮುಂದೆ ನಿಂತು ಅವನಿಗೆ ಸ್ಪ್ಯಾನರ್ ಹಿಡಿಯಲು ಬರುತ್ತಿರಲಿಲ್ಲ ಎಂದು ನಗುತ್ತಿದ್ದಾರೆ.

ಅಷ್ಟರಲ್ಲಿ ಹಾಲಿನ ವ್ಯಾನಿನವನು ಬಾಗಿಲಿಗೆ ಬಂದ. ಒಳಗೆ ಬರಲು ಧೈರ್ಯ ಸಾಲದೆ ಅಲ್ಲೇ ನಿಂತು, "ನಿನ್ನೆ ನಾನು ನೋಡ್ದೆ ಅಕ್ಕ," ಎಂದ. "ಕಲ್ಲುಕ್ವಾರಿ ತಿರುವಿನಲ್ಲಿ ಮೊಪೆಡ್ ಪಕ್ಕ ನೆಲದ ಮೇಲೆ ಕೂತಿದ್ರು. ರಿಪೇರಿ ಪೆಟ್ಟಿಗೆ ತೆರೆದಿತ್ತು, ಸಾಮಾನೆಲ್ಲ ಹರಡಿತ್ತು. ಗಾಡಿ ರಿಪೇರಿ ಮಾಡ್ಕೋತಿದಾರೆ ಅಂದ್ಕೊಂಡು ಕೈ ಬೀಸಿ ಮುಂದೆ ಹೋದೆ."

"ನಾನೂ ನೋಡ್ದೆ," ಎಂದ ಡ್ರೈವರ್. ಅವನ ದನಿ ಇಳಿದುಹೋಗಿತ್ತು. "ಹಾರ್ನ್ ಹಾಕ್ದೆ. ತಲೆ ಎತ್ತಲಿಲ್ಲ. ಕೆಲಸದಲ್ಲಿ ಮುಳುಗಿದಾರೆ ಅಂತ..."

ಟೈಲರಮ್ಮನ ಕೈಯಲ್ಲಿದ್ದ ಸೂಜಿ ಬೆರಳಿಗೆ ಚುಚ್ಚಿತು. ಎದೆಯ ಮಾತ್ರೆಗಳನ್ನು ಅವನು ಆ ಪೆಟ್ಟಿಗೆಯ ತಳದಲ್ಲಿಡುತ್ತಿದ್ದ, ಸ್ಪ್ಯಾನರು ಸ್ಕ್ರೂಡ್ರೈವರುಗಳ ಅಡಿಯಲ್ಲಿ. ಅವನು ರಿಪೇರಿ ಮಾಡುತ್ತಿರಲಿಲ್ಲ. ಮಾತ್ರೆ ಹುಡುಕುತ್ತಿದ್ದ.

"ಎಷ್ಟು ಹೊತ್ತಿಗೆ ನೋಡಿದ್ರಿ?" ಎಂದು ಕೇಳಿದಳು.

"ಹತ್ತೂವರೆ," ಎಂದ ವ್ಯಾನಿನವನು.

"ಹನ್ನೊಂದೂಕಾಲು," ಎಂದ ಡ್ರೈವರ್.

ಅವಳು ಬೆರಳಿನ ರಕ್ತವನ್ನು ಅಂಗಿಗೆ ತಾಗದಂತೆ ಸೀರೆಗೆ ಒರೆಸಿಕೊಂಡಳು.

* * *

ಆ ಪೆಟ್ಟಿಗೆ ಹುಟ್ಟಿದ್ದು ಅವಳಿಂದಲೇ.

ಆಗ ಅವಳಿಗೆ ಇಪ್ಪತ್ತಾರು. ಮದುವೆಯಾಗದೆ ಅಕ್ಕನ ಮನೆಯಲ್ಲಿದ್ದು ಹೊಲಿಯುತ್ತಿದ್ದಳು. ಹೊಲಿಗೆ ಯಂತ್ರದ ಖಾನೆಯಲ್ಲಿ, ದಾರದುಂಡೆಗಳ ಹಿಂದೆ, ಒಂದು ಸೀಸೆ ಇರುತ್ತಿತ್ತು. ಮೊದಮೊದಲು ನಿದ್ದೆ ಬರಲೆಂದು ಒಂದು ಗುಟುಕು. ಆಮೇಲೆ ಎದ್ದು ಕೂರಲೆಂದು ಇನ್ನೊಂದು. ಕೊನೆಗೆ ಸೂಜಿಗೆ ದಾರ ಪೋಣಿಸಬೇಕಾದರೂ ಮೊದಲು ಸೀಸೆ ಬೇಕಾಯಿತು. ಅಕ್ಕನಿಗೆ ಗೊತ್ತಾದ ದಿನ ಬಾಗಿಲು ಹಾಕಿ ಹೊಡೆದಳು. ಹೊಡೆದು ತಾನೇ ಅತ್ತಳು.

ಆರೋಗ್ಯ ಕೇಂದ್ರದಲ್ಲಿ ಲಸಿಕೆ ಕೋಣೆಯ ಪಕ್ಕ ಹೊಸದೊಂದು ಬೋರ್ಡು ಬಂದಿತ್ತು: ಆಪ್ತ ಸಮಾಲೋಚನೆ. ಜನ ಅದಕ್ಕೆ ಹುಚ್ಚರ ಕೋಣೆ ಎಂದು ಹೆಸರಿಟ್ಟಿದ್ದರು. ಒಳಗೊಬ್ಬ ತರುಣ ನಾಲ್ಕು ತಿಂಗಳಿಂದ ಬಾಗಿಲು ನೋಡುತ್ತ ಕೂತಿದ್ದ. ಒಬ್ಬರೂ ಹೊಸಿಲು ದಾಟಿರಲಿಲ್ಲ.

ಅವಳು ಟೇಪು ಹಿಡಿದುಕೊಂಡು ಹೋದಳು. "ಕಿಟಕಿಗೆ ಪರದೆ ಹೊಲಿಸ್ತೀರಾ? ಅಳತೆ ತಗೋಬೇಕಿತ್ತು."

ಅವನು ಅವಳ ಕೈ ನೋಡಿದ. ಟೇಪು ಗಾಳಿಯಿಲ್ಲದೆಯೂ ಅಲುಗುತ್ತಿತ್ತು.

"ಹೂಂ, ಹೊಲಿಸ್ಬೇಕು," ಎಂದ. "ನಿಧಾನಕ್ಕೆ ಅಳೀರಿ. ಒಂದೇ ಸಲಕ್ಕೆ ಮುಗಿಯೋ ಕಿಟಕಿ ಅಲ್ಲ ಇದು."

ಮುಗಿಯಲೇ ಇಲ್ಲ. ಪ್ರತಿ ಬುಧವಾರ ಒಂದು ನೆಪ: ಅಗಲ ಕಡಿಮೆಯಾಯಿತು, ಬಣ್ಣ ಸರಿಯಿಲ್ಲ, ಅಂಚು ಬಿಚ್ಚಿತು. ಎರಡು ಮೊಳದ ಆ ಕಿಟಕಿಗೆ ಆರು ಜೊತೆ ಪರದೆಯಾದವು. ನರ್ಸು ಬೆರಗಾಗಿ, "ಇದೇನ್ರೀ, ಅರಮನೆನಾ?" ಎಂದಿದ್ದಳು. ಏಳನೆಯ ತಿಂಗಳಲ್ಲಿ ಅವಳು ಖಾನೆಯ ಸೀಸೆಯನ್ನು ತಾನೇ ತಂದು ಅವನ ಮೇಜಿನ ಮೇಲಿಟ್ಟಳು.

ಅದಾದ ಸ್ವಲ್ಪ ದಿನಕ್ಕೆ ಅವನು, "ಇನ್ನು ಮೇಲೆ ನಿಮ್ಮ ಮಾತು ನಾನು ಕೇಳಬಾರದು," ಎಂದ. "ನಿಮ್ಮ ವಿಷಯದಲ್ಲಿ ನನ್ನ ಮನಸ್ಸು ಸರಿಯಿಲ್ಲ." ಪಟ್ಟಣದ ವಯಸ್ಸಾದ ಡಾಕ್ಟರಮ್ಮನಿಗೆ ಚೀಟಿ ಬರೆದುಕೊಟ್ಟ. ಎರಡು ವರ್ಷ ಎದುರು ಸಿಕ್ಕರೂ ನಮಸ್ಕಾರಕ್ಕಿಂತ ಹೆಚ್ಚು ಮಾತಿಲ್ಲ. ಅದು ಮುಗಿದ ಮೇಲೆ ಅಕ್ಕನ ಮನೆಗೆ ಬಂದು ಹೆಣ್ಣು ಕೇಳಿದ.

ಮದುವೆಯ ಹೊಸತರಲ್ಲೇ ಪೆಟ್ಟಿಗೆ ಕೊಂಡು ತಂದ. "ನಿನಗೆ ಪರದೆ ಇತ್ತು. ಉಳಿದವರಿಗೂ ಒಂದು ನೆಪ ಬೇಕಲ್ಲ. ಅವರು ಬರದಿದ್ರೆ ನಾನೇ ಹೋಗ್ತೀನಿ." ಮೊಪೆಡ್ಡಿನ ಹಿಂದೆ ಬರೆಸಿದ: ಫ್ಯಾನ್, ಮಿಕ್ಸಿ, ರೇಡಿಯೋ ರಿಪೇರಿ. ಆಗ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಅವನ ಪರಿಚಯ ಹೇಗಾಯಿತೆಂದು ಯಾರಾದರೂ ಕೇಳಿದರೆ ಅವಳೂ, "ಹೊಲಿಗೆ ಮಿಷನ್ ರಿಪೇರಿಗೆ ಬಂದಿದ್ರು," ಎನ್ನುತ್ತಿದ್ದಳು. ಮಗಳಿಗೂ ಅದನ್ನೇ ಹೇಳಿದ್ದಳು.

* * *

ಹನ್ನೆರಡಕ್ಕೆ ಜೀಪು ಬಂತು. ಇಲಾಖೆಯ ಅಧಿಕಾರಿ ಇಳಿದು, ಹೂವಿನ ಹಾರವನ್ನು ಹೆಣದ ಮೇಲಿಟ್ಟು, ಎರಡು ನಿಮಿಷ ಕೈಕಟ್ಟಿ ನಿಂತರು. ಕೆಟ್ಟ ಮನುಷ್ಯನಲ್ಲ. ಬೆವರುತ್ತಿದ್ದರು.

"ಅವರ ಹುದ್ದೆ ರದ್ದಾದಾಗ ನನಗೂ ಬೇಜಾರಾಗಿತ್ತಮ್ಮ," ಎಂದರು. "ಮೂರು ವರ್ಷದ ಹಿಂದಿನ ಮಾತು. ಆಮೇಲೂ ಸುತ್ತುತ್ತಾನೇ ಇದ್ರಂತೆ."

"ಯಾಕೆ ರದ್ದು ಮಾಡಿದ್ರಿ?"

"ನನ್ನ ಕೈಯಲ್ಲಿ ಏನಿದೆ? ರಿಜಿಸ್ಟರ್‌ನಲ್ಲಿ ಹೆಸರು ಬರೀಬೇಕು, ಊರು, ಕಾಯಿಲೆ. ಹೆಸರು ಬರೆದ್ರೆ ಯಾರೂ ಬಾಗಿಲು ತೆಗೆಯಲ್ಲ ಅಂತ ಅವರು ಖಾಲಿ ಬಿಟ್ರು. ದಾಖಲೆ ಪ್ರಕಾರ ಈ ಭಾಗದಲ್ಲಿ ರೋಗಿಗಳೇ ಇಲ್ಲ. ಒಬ್ಬರೂ ಇಲ್ಲ." ಅವರು ಒಂದು ಕಾಗದ ಬಿಚ್ಚಿದರು. "ಈಗ ಫೋನ್ ವ್ಯವಸ್ಥೆ ಬಂದಿದೆ. ಇದನ್ನ ನಿಮ್ಮ ಅಂಗಡಿ ಗೋಡೆಗೆ ಅಂಟಿಸಿದ್ರೆ..."

ಮನಸ್ಸು ಭಾರವೇ? ಕರೆ ಮಾಡಿ, ಎಂದಿತ್ತು. ಕೆಳಗೆ ನಗುವ ಹುಡುಗಿಯ ಚಿತ್ರ.

"ಈ ಊರಲ್ಲಿ ಸಿಗ್ನಲ್ ಬೇಕಂದ್ರೆ ನೀರಿನ ಟ್ಯಾಂಕ್ ಹತ್ತಬೇಕು," ಎಂದಳು ಟೈಲರಮ್ಮ. "ಮನಸ್ಸು ಭಾರ ಆದವರನ್ನ ಟ್ಯಾಂಕ್ ಹತ್ತಿಸ್ತೀರಾ?"

ಅಧಿಕಾರಿ ಕಾಗದ ಮಡಿಸಿಕೊಂಡರು. ಅವಳು ಎದ್ದಳು. ಅಂಗಳದಲ್ಲಿ, ಬೀದಿಯಲ್ಲಿ, ಎದುರು ಮನೆಯ ಜಗಲಿಯ ಮೇಲೆ, ಹನ್ನೊಂದು ಹಳ್ಳಿಯ ಜನ ನಿಂತಿದ್ದರು. ಮುನ್ನೂರಕ್ಕೆ ಕಡಿಮೆಯಿಲ್ಲ.

"ಕೇಳಿಸ್ತಾ?" ಎಂದು ಕೂಗಿದಳು. "ಒಬ್ಬರೂ ಇಲ್ಲವಂತೆ! ಇಷ್ಟು ಜನರ ಮನೇಲಿ ಅಷ್ಟೊಂದು ಫ್ಯಾನು ಕೆಟ್ಟಿತ್ತಾ? ಕೆಲಸ ಬಾರದವನನ್ನ ಇಪ್ಪತ್ತೆಂಟು ವರ್ಷ ಯಾಕೆ ಕರೆಸ್ಕೊಂಡ್ರಿ? ಅವರು ಬದುಕಿರೋವರೆಗೂ ನಿಮ್ಮ ಮಾನ ಕಾಪಾಡಿದ್ರು. ಇವತ್ತೊಂದು ದಿನ ಅವರ ಮಾನ ನೀವು ಕಾಪಾಡಿ. ಒಬ್ಬರು, ಒಬ್ಬರೇ ಒಬ್ಬರು ಹೇಳಿ, ಅವರು ಯಾಕೆ ಬರ್ತಿದ್ರು ಅಂತ!"

ಹೆಡ್‌ಮಾಸ್ತರರು ಕನ್ನಡಕ ತೆಗೆದು ಒರೆಸತೊಡಗಿದರು. ಡ್ರೈವರ್ ಆಕಾಶ ನೋಡಿದ. ಗಿರಣಿಯವನು ಮುಂದಿದ್ದವನ ಬೆನ್ನ ಹಿಂದೆ ಸರಿದುಕೊಂಡ.

ಟೈಲರಮ್ಮನಿಗೆ ಮೈಯೆಲ್ಲ ಉರಿಯಿತು. ಹೇಡಿಗಳು ಎಂದು ಬಾಯಿಯವರೆಗೆ ಬಂತು. ಬಂದದ್ದು ಅಲ್ಲೇ ನಿಂತಿತು. ಮಿಷನ್ ರಿಪೇರಿಗೆ ಬಂದಿದ್ರು ಎಂದು ಇಷ್ಟು ವರ್ಷ ಹೇಳಿಕೊಂಡು ಬಂದ ನಾಲಿಗೆ ಯಾರದು?

ಅವಳು ಅಧಿಕಾರಿಯ ಕಡೆ ತಿರುಗಿದಳು. "ಬರ್ಕೊಳ್ಳಿ. ನಾನು ಕುಡೀತಿದ್ದೆ. ಬೆಳಿಗ್ಗೆ ಹಲ್ಲುಜ್ಜೋಕೆ ಮುಂಚೆ ಕುಡೀತಿದ್ದೆ. ಬಿಡಿಸಿದ್ದು ಅವರು. ಅವರ ಮೊದಲ ರೋಗಿ ನಾನು."

"ಏ!" ಎಂದು ಅಕ್ಕ ಬಂದು ರಟ್ಟೆ ಹಿಡಿದಳು. "ತಲೆ ಕೆಟ್ಟಿದೆಯೇನೇ? ಅಳಿಯ ನಿಂತಿದಾನೆ. ಇವತ್ತೇ ಬೇಕಿತ್ತಾ?"

"ಇವತ್ತಲ್ಲದೆ ಇನ್ಯಾವತ್ತು?"

ಮಗಳು ತಾಯಿಯ ಮುಖವನ್ನು ಹೊಸಬರನ್ನು ನೋಡುವಂತೆ ನೋಡಿದಳು. ಅಧಿಕಾರಿ ಪೆನ್ನು ತೆಗೆದವರು ಮತ್ತೆ ಜೇಬಿಗೆ ಸಿಕ್ಕಿಸಿದರು. "ನೀವು ಮನೆಯವರಾದ್ರಲ್ಲಮ್ಮ," ಎಂದರು ತಗ್ಗಿದ ದನಿಯಲ್ಲಿ. "ಮನೆಯವರು ಲೆಕ್ಕಕ್ಕೆ ಬರಲ್ಲ."

ಒಂದು ಗಂಟೆಗೆ ಹೆಣ ಎತ್ತಿದರು. ಹೆಗಲು ಕೊಡಲು ನೂಕುನುಗ್ಗಲು. ಬಾಯಿ ಬಿಡದವರೆಲ್ಲ ಹೆಗಲು ಕೊಟ್ಟರು. ಗುಂಡಿಗೆ ಮಣ್ಣು ಬೀಳುವಾಗ ಗಂಡಸರು ಮಕ್ಕಳ ಹಾಗೆ ಬಿಕ್ಕಿದರು. ಟೈಲರಮ್ಮನ ಕಣ್ಣಲ್ಲಿ ಮಾತ್ರ ಒಂದು ಹನಿಯೂ ಬರಲಿಲ್ಲ. ಅವರ ಅಳು ಕೇಳಿ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

ಮರಳುವ ದಾರಿಯಲ್ಲಿ ಮಗಳು ಪಕ್ಕಕ್ಕೆ ಬಂದು ನಡೆದಳು. ಟೈಲರಮ್ಮ ಕಿಟಕಿ ಅಳೆಯಲು ಹೋದದ್ದನ್ನೆಲ್ಲ ಹೇಳಿದ ಮೇಲೆ ಕೇಳಿದಳು: "ಪರದೆ ಪರದೆ ಅಂತ ಅಪ್ಪ ನಿನ್ನ ರೇಗಿಸ್ತಿದ್ದಿದ್ದು ಅದಕ್ಕಾ?"

"ಹೂಂ."

"ನನಗಾದ್ರೂ ಮೊದಲೇ ಹೇಳ್ಬಹುದಿತ್ತು."

"ಹೇಳ್ಬಹುದಿತ್ತು," ಎಂದಳು ಟೈಲರಮ್ಮ.

* * *

ಐದು ಗಂಟೆಗೆ ಹಿತ್ತಲ ಬಾಗಿಲು ಮೆಲ್ಲಗೆ ಸದ್ದಾಯಿತು. ತೆಗೆದರೆ ಗಿರಣಿಯವನು. ಕಂಕುಳಲ್ಲಿ ಇಸ್ತ್ರಿಪೆಟ್ಟಿಗೆ.

"ಇದು ಕೆಟ್ಟಿತ್ತು ಅಕ್ಕ..."

"ರಿಪೇರಿಯವರನ್ನ ಈಗಷ್ಟೇ ಮಣ್ಣು ಮಾಡಿ ಬಂದ್ರಲ್ಲ."

ಅವನು ಕದಲಲಿಲ್ಲ. ಅವಳು ಇಸ್ತ್ರಿಪೆಟ್ಟಿಗೆ ಕಿತ್ತುಕೊಂಡು ಅಡುಗೆಮನೆಯ ಪ್ಲಗ್ಗಿಗೆ ಸಿಕ್ಕಿಸಿ, ತುಸು ಹೊತ್ತು ಬಿಟ್ಟು ನೀರು ಚಿಮುಕಿಸಿದಳು. ಚುಂಯ್ ಎಂದಿತು.

"ಚೆನ್ನಾಗೇ ಇದೆಯಲ್ಲ."

"ಹೂಂ, ಚೆನ್ನಾಗೇ ಇದೆ." ಅವನು ತನ್ನ ಅಂಗೈಗಳನ್ನು ನೋಡಿಕೊಂಡ. "ಒಂದು ವರ್ಷ ಒಂಬತ್ತು ತಿಂಗಳಾಯ್ತು ಅಕ್ಕ, ಒಂದು ಹನಿ ಮುಟ್ಟಿಲ್ಲ. ಇವತ್ತು ಸ್ಮಶಾನದಿಂದ ಬರ್ತಾ ಹೆಂಡದಂಗಡಿ ಮೆಟ್ಟಿಲು ಹತ್ತಿ ಇಳಿದೆ. ಮನೆಗೆ ಹೋಗ್ಬೇಕಂದ್ರೆ ಮತ್ತೆ ಅದರ ಮುಂದೇನೇ ಹೋಗ್ಬೇಕು. ಮನೇಲಿ ಅವಳಿದಾಳೆ. ಕುಡಿದು ಹೋದ್ರೆ ನಾನು ಮನುಷ್ಯ ಅಲ್ಲ."

"ಬೆಳಿಗ್ಗೆ ನಗ್ತಿದ್ರಲ್ಲ. ಮೋಟರ್ ಹಾಗೇ ಇದೆ ಅಂದ್ರಲ್ಲ."

"ಅಂದೆ."

"ಯಾಕೆ?"

"ಭಯ ಆಯ್ತು. ಎಲ್ಲರೂ ಹಾಗೇ ಅಂತಿದ್ರು." ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ. "ಬೈಯ್ರಿ ಅಕ್ಕ. ಆದ್ರೆ ಒಂದರ್ಧ ಗಂಟೆ ಇಲ್ಲೇ ಕೂರ್ತೀನಿ. ಈ ಮೂಲೇಲಿ. ಯಾರಿಗೂ ಕಾಣಲ್ಲ."

ಬಾಗಿಲನ್ನು ಅವನ ಮುಖಕ್ಕೆ ಬಡಿಯಬೇಕೆನಿಸಿತು ಅವಳಿಗೆ. ಒಂದು ವರ್ಷ ಒಂಬತ್ತು ತಿಂಗಳ ಮಂಗಳವಾರಗಳು. ಆ ಮಂಗಳವಾರಗಳಿಗೆ ಊಟ ಕಟ್ಟಿಕೊಟ್ಟವಳು ಅವಳು.

"ನನಗೆ ಅವರ ವಿದ್ಯೆ ಬರಲ್ಲ," ಎಂದಳು. "ಜೊತೆಗೆ ಕೂರೋದು ಬರತ್ತೆ. ಆದ್ರೆ ಮೂಲೇಲಿ ಕೂರಿಸಲ್ಲ. ಸುತ್ತಿಕೊಂಡು ಮುಂದಿನ ಬಾಗಿಲಿಗೆ ಬನ್ನಿ."

ಇಸ್ತ್ರಿಪೆಟ್ಟಿಗೆ ಅವನ ಕೈಗಿಟ್ಟು ಅಗುಳಿ ಹಾಕಿದಳು.

ಒಂದು ಕುರ್ಚಿ ಎತ್ತಿಕೊಂಡು ಹೋಗಿ ಬೀದಿಯ ಅಂಚಿನಲ್ಲಿ ಇಟ್ಟಳು. ಇನ್ನೊಂದನ್ನು ಮಗಳು ಹೇಳಿಸಿಕೊಳ್ಳದೆಯೇ ತಂದಿಟ್ಟಳು. ಟೈಲರಮ್ಮ ಕೂತಳು. ಎದುರು ಮನೆಯ ಜಗಲಿಯವರು ಇತ್ತ ತಿರುಗಿದರು. ಹೆಡ್‌ಮಾಸ್ತರರು ತಮ್ಮ ಮನೆಯ ಕಿಟಕಿಯ ಬಳಿ ಬಂದರು. ಪಕ್ಕದ ಕುರ್ಚಿ ಖಾಲಿ ಇತ್ತು. ಐದು ನಿಮಿಷ, ಹತ್ತು ನಿಮಿಷ. ಹೋಗಿಬಿಟ್ಟ, ಹೆಂಡದಂಗಡಿಗೇ ಹೋದ ಎಂದುಕೊಂಡು ಅವಳು ಮನೆಯ ಪಕ್ಕದ ಸಂದಿಯ ಕಡೆ ನೋಡಿದಳು.

ಸಂದಿಯಿಂದ ಅವನು ಹೊರಬಂದಾಗ ಐದೂವರೆಯ ಬಸ್ಸು ಬಂದು ಮನೆಯ ಎದುರೇ ನಿಂತಿತು. ಇಳಿದವರು ಇಳಿದಲ್ಲೇ ನಿಂತು ನೋಡಿದರು. ಗಿರಣಿಯವನು ಅವರ ನಡುವೆಯೇ ನಡೆದು ಬಂದು, ಇಸ್ತ್ರಿಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಬೀದಿಗೆ ಮುಖ ಮಾಡಿ ಕೂತ. ವೈರು ಬಿಚ್ಚಿಕೊಂಡು ರಸ್ತೆಯವರೆಗೂ ಇಳಿದಿತ್ತು. ಯಾರೋ ಒಳಗಿನಿಂದ, "ಹೊರಡ್ರೀ," ಎಂದು ಕೂಗಿದರು. ಬೆಳಿಗ್ಗೆ ಗೋಡೆಗೊರಗಿ ನಿಂತಿದ್ದ ಡ್ರೈವರ್ ಗೇರು ಹಾಕಲಿಲ್ಲ. ಎಂಜಿನ್ ಆರಿಸಿ, ಎರಡೂ ಕೈ ಸ್ಟೀರಿಂಗ್ ಮೇಲಿಟ್ಟು, ಆ ಎರಡು ಕುರ್ಚಿಗಳನ್ನೇ ನೋಡುತ್ತ ಕೂತ.