ಕೆಂಪು ಕೊಂಬಿನ ಅಣಬೆ

ಮಾನ್‌ಸಿಕ್‌ನ ಲಿವರ್ ಕೆಟ್ಟಾಗಿನಿಂದ ಹೆಂಡತಿ ಬೊಕ್‌ಸುನ್ ದಿನವೂ ಒಣಗಿದ ಯೊಂಗ್‌ಜಿ ಎಂಬ ಔಷಧಿ ಅಣಬೆಯನ್ನು ಬೋರೆಹಣ್ಣಿನ ಜೊತೆ ಕುದಿಸಿ ಕೊಡುತ್ತಿದ್ದಳು. ಡಾಕ್ಟರನ್ನೂ ಕೇಳಿದ್ದಳು. "ಒಳ್ಳೇದಾದರೂ ಆಗಬಹುದು, ಆದರೆ ಮಾತ್ರೆ ಬಿಡಿಸಬೇಡಿ" ಎಂದಿದ್ದರು. ಬಾಯೆಲ್ಲ ಕಹಿಯಾದರೂ, ಅದನ್ನು ಕುಡಿದರೆ ನಿದ್ದೆ ಬರುತ್ತದೆ ಎನ್ನುತ್ತಿದ್ದ ಮಾನ್‌ಸಿಕ್.

ಮಳೆಗಾಲ ಮುಗಿಯುತ್ತಿದ್ದ ಒಂದು ಬೆಳಿಗ್ಗೆ ಮೈದುನ ಗಿತೇ ಬೆಟ್ಟದಿಂದ ಇಳಿದವನೇ ನೇರ ಅಡುಗೆಮನೆಗೆ ಬಂದ. ಟವೆಲ್ ಬಿಚ್ಚಿದ. ಒಳಗೆ ಸೊಟ್ಟ ಬೆರಳುಗಳಂಥ ಕೆಂಪು ಅಣಬೆಗಳು.

"ಎಳೆ ಯೊಂಗ್‌ಜಿ, ಅತ್ತಿಗೆ. ಜಿಂಕೆ ಕೊಂಬಿನ ಹಾಗಿದ್ದಾಗಲೇ ಸತ್ವ ಜಾಸ್ತಿ. ಹಿಮ ಬೀಳೋದರೊಳಗೆ ಅಣ್ಣ ನನ್ನ ಜೊತೆ ಬೆಟ್ಟ ಹತ್ತದಿದ್ದರೆ ಕೇಳಿ."

ಬೊಕ್‌ಸುನ್ ಅವನ್ನು ತೊಳೆಯತೊಡಗಿದಳು. ಎಳೆ ಯೊಂಗ್‌ಜಿಯ ತುದಿ ಬೆಳ್ಳಗಿರುವುದನ್ನು ಅವಳು ಕಂಡಿದ್ದಳು. ಇವು ತುದಿಯವರೆಗೂ ಕೆಂಡದಂತೆ ಕೆಂಪು. ಬೆರಳುಗಳು ಚುರುಗುಟ್ಟತೊಡಗಿದವು.

"ಕೈ ಉರೀತಿದೆ ಕಣಪ್ಪ. ಯೊಂಗ್‌ಜಿ ಯಾವತ್ತೂ ಹೀಗೆ ಮಾಡಿಲ್ಲ."

"ಖಾರದ ಕಿಮ್ಚಿ ಕಲಸೋ ಕೈ ಉರಿಯದೆ ತಂಪಾಗಿರುತ್ತಾ?" ಗಿತೇ ನಕ್ಕ.

ಒಳಗಿನಿಂದ ಮಾನ್‌ಸಿಕ್ ಗೊಣಗಿದ. "ಕುದಿಸೇ ಸುಮ್ನೆ. ನನಗೋಸ್ಕರ ಬೆಟ್ಟ ಸುತ್ತಿ ತಂದಿದ್ದಾನೆ."

ಎರಡು ಮನಸ್ಸಿನಿಂದಲೇ ಒಲೆ ಹಚ್ಚಿದಳು. ನೀರು ಕಂದುಬಣ್ಣಕ್ಕೆ ತಿರುಗಿತು. ಗಂಡನ ಬಟ್ಟಲಿಗೆ ತಳ ಮುಚ್ಚುವಷ್ಟು ಮಾತ್ರ ಬಗ್ಗಿಸಿದಳು.

"ಇವತ್ತಿಗೆ ಇಷ್ಟು ಸಾಕು. ಒಗ್ಗುತ್ತಾ ನೋಡೋಣ."

"ಅತ್ತಿಗೆಗೆ ನನ್ನ ಮೇಲೆ ನಂಬಿಕೆಯೇ ಇಲ್ಲ ನೋಡಣ್ಣ," ಎಂದ ಗಿತೇ, ದೊಡ್ಡ ಬಟ್ಟಲಿನ ತುಂಬ ಬಗ್ಗಿಸಿಕೊಂಡು ಒಂದೇ ಉಸಿರಿಗೆ ಕುಡಿದ. ಬಾಯಿ ಒರೆಸಿಕೊಂಡು, "ಈಗ ಸಮಾಧಾನ ಆಯ್ತಾ?" ಎಂದ.

ಮಧ್ಯಾಹ್ನದ ಊಟಕ್ಕೆ ಯಾರೂ ಕೂರಲಿಲ್ಲ. ಮೊದಲು ಗಿತೇ ಅಂಗಳಕ್ಕೆ ಓಡಿ ವಾಂತಿ ಮಾಡಿಕೊಂಡ. ಅವನ ಹಿಂದೆಯೇ ಮಾನ್‌ಸಿಕ್. ಆಂಬುಲೆನ್ಸ್ ಬಂದಾಗ ಬೊಕ್‌ಸುನ್ ಉಳಿದ ಅಣಬೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡೇ ಹತ್ತಿದಳು. ಆಸ್ಪತ್ರೆಯಲ್ಲಿ ಡಾಕ್ಟರು ಚೀಲದೊಳಗೆ ಇಣುಕಿದವರು ಅದನ್ನು ಮತ್ತೆ ಮುಟ್ಟಲಿಲ್ಲ.

"ಇದು ಯೊಂಗ್‌ಜಿ ಅಲ್ಲಮ್ಮ. ವಿಷದ ಅಣಬೆ. ಎಷ್ಟು ಕುಡಿದರು?"

ಅವಳು ಅಂಗೈಯನ್ನು ಬೋಗುಣಿಯಂತೆ ಮಾಡಿ ಗಂಡನದನ್ನು ತೋರಿಸಿದಳು. ಮೈದುನನದನ್ನು ತೋರಿಸಲು ಎರಡೂ ಕೈ ಬೇಕಾದವು.

ಆ ವಾರ ಮಾನ್‌ಸಿಕ್‌ನ ತಲೆಗೂದಲು ದಿಂಬಿನ ಮೇಲೆ ಗೊಂಚಲಾಗಿ ಉದುರಿತು. ಅಂಗೈ ಚರ್ಮ ಸುಲಿದುಬಂತು. ಆದರೆ ಒಂದು ಬೆಳಿಗ್ಗೆ, ರಕ್ತ ಸುಧಾರಿಸುತ್ತಿದೆ, ಬದುಕುತ್ತಾರೆ ಎಂದರು ಡಾಕ್ಟರು. ಅದೇ ಬೆಳಿಗ್ಗೆ ಕೆಳಗಿನ ಮಹಡಿಯಲ್ಲಿ ಗಿತೇ ತೀರಿಕೊಂಡಿದ್ದ.

ಬೊಕ್‌ಸುನ್ ಗಂಡನಿಗೆ ಗಂಜಿ ಕುಡಿಸುತ್ತಿದ್ದಳು.

"ತಮ್ಮ ಇಷ್ಟೊತ್ತಿಗೆ ಎದ್ದು ಓಡಾಡ್ತಿರಬೇಕು. ಅವನಿಗೆ ಬೈದುಬಿಟ್ಟೆಯೇನೇ? ಮುಖಾನೇ ತೋರಿಸಲಿಲ್ಲ."

"ಇಲ್ಲ," ಎಂದಳು ಅವಳು. "ಬೈಯಲಿಲ್ಲ. ಇನ್ನೊಂದು ಚಮಚ ತಗೊಳ್ಳಿ."