ಮಂಜಿನಲ್ಲಿ ಫುಲ್ ಲೈಟು

೧೯೮೬ರ ಜನವರಿ. ಮಗಳ ಮದುವೆಯ ಬಸ್ತಾಕ್ಕೆಂದು ಸೀರೆ ಜವಳಿ ಕೊಳ್ಳಲು ಕೊಳಕೂರಿನ ಗುರುಬಾಯಿ ಬೆಳಿಗ್ಗೆ ಆರಕ್ಕೇ ಭಾವೀ ಅಳಿಯನ ಜೀಪು ಹತ್ತಿದಳು. ಮನೆಯ ಉಳಿದವರು ಹಿಂದಿನ ದಿನವೇ ಗುಲಬರ್ಗಾಕ್ಕೆ ಹೋಗಿದ್ದರು. ಅಳಿಯ ಶಾಂತಲಿಂಗಪ್ಪ ಜೇವರ್ಗಿಯಲ್ಲಿ ಗುತ್ತಿಗೆದಾರ. ಇದ್ದ ದೀಪ ಸಾಲದೆಂದು ಜೀಪಿನ ನೆತ್ತಿಗೆ ಇನ್ನೂ ನಾಲ್ಕು ಕೂರಿಸಿದ್ದ.

ಊರು ದಾಟುತ್ತಲೇ ಮಂಜು ಕವಿಯಿತು. ಅವನು ಎಲ್ಲ ದೀಪಗಳನ್ನೂ ಹೊತ್ತಿಸಿದ. ಎದುರಿಗೆ ಬೆಳ್ಳಗೆ ಪರದೆ ಇಳಿಬಿಟ್ಟಂತಾಗಿ ರಸ್ತೆಯೇ ಕಾಣದಾಯಿತು.

ಗುರುಬಾಯಿಯ ತಮ್ಮ ಲಾರಿ ಓಡಿಸುವವನು. ಮಂಜಿನಲ್ಲಿ ಹೇಗೆ ಓಡಿಸಬೇಕೆಂದು ಅವನು ಹೇಳುತ್ತಿದ್ದುದು ಅವಳಿಗೆ ನೆನಪಿತ್ತು.

"ಮ್ಯಾಲಿನ ಲೈಟ್ ಆರಸ್ರಿ. ಡಿಮ್ ಹಾಕಿ ಸಾವಕಾಶ ಹೋಗ್ರಿ. ಫುಲ್ ಹಾಕಿದ್ರ ಬೆಳಕು ಮಂಜಿಗೆ ಬಡದು ನಮ್ಮ ಕಣ್ಣಿಗೇ ಬರ್ತದ," ಎಂದಳು ಅಳಿಯನಿಗೆ.

"ನೀವು ಸುಮ್ನ ಕುಂದರ್ರಿ ಅತ್ತಿ. ಎದುರಿಗಿನವ್ರು ತಾವೇ ಸರೀತಾರ," ಎಂದು ಅವನು ನಕ್ಕ.

ಸ್ವಲ್ಪ ದೂರದಲ್ಲೇ ಜೀಪಿಗೆ ಮೂರು ಮೆತ್ತನೆಯ ಹೊಡೆತ ಬಿದ್ದವು. ಇಳಿದು ನೋಡಿದರೆ ಎರಡು ಕುರಿ ಸತ್ತಿದ್ದವು, ಮೂರನೆಯದು ಕಾಲು ಜಾಡಿಸುತ್ತಿತ್ತು. ಕುರಿಗಾರ ಬೀರಲಿಂಗಪ್ಪ ರಸ್ತೆಬದಿಯ ತಗ್ಗಿನಲ್ಲಿ ರಕ್ತ ಸೋರುತ್ತಿದ್ದ ಮೊಣಕಾಲು ಹಿಡಿದು ಕೂತಿದ್ದ.

"ಕೂಗಿದ್ನಿರಿ. ಕಣ್ಣು ಕುಕ್ಕಿ ಯಾ ಕಡಿ ಸರೀಬೇಕಂತ ತಿಳೀಲಿಲ್ಲ," ಎಂದ.

ಶಾಂತಲಿಂಗಪ್ಪ ಅವನತ್ತ ನೋಡಲಿಲ್ಲ. ಬಗ್ಗಿ ಜೀಪಿನ ಮುಂದಿನ ದೀಪಗಳನ್ನು ತಡವಿದ. "ಗಾಜು ಒಡದಿಲ್ಲ," ಎಂದು ಉಸಿರುಬಿಟ್ಟ. ನೆಲದಲ್ಲಿ ಬಿದ್ದಿದ್ದ ಕುರಿಗಾರನ ಕಂಬಳಿಯನ್ನೇ ಎತ್ತಿಕೊಂಡು ಗಾಜಿಗೆ ಮೆತ್ತಿದ್ದ ರಕ್ತ, ಉಣ್ಣೆ ಎಲ್ಲ ಒರೆಸಿ ತಗ್ಗಿಗೆ ಎಸೆದ. "ಈ ಮಂಜಿನ್ಯಾಗ ಕುರಿ ಹೊಡಕೊಂಡು ಯಾಕ ಬಂದೀಲೇ?"

ಗುರುಬಾಯಿ ನೋಡುತ್ತ ನಿಂತಳು. ರಕ್ತವನ್ನಲ್ಲ, ಉಂಗುರ ತೊಟ್ಟ ಆ ಕೈ ನಿಧಾನವಾಗಿ, ಅಚ್ಚುಕಟ್ಟಾಗಿ ಒರೆಸುವುದನ್ನು. ಇದೇ ಕೈ ತಾಳಿ ಕಟ್ಟುವುದು ಎಂದು ನೆನೆದಾಗ ಬಾಯಲ್ಲಿ ಕಹಿ ನೀರು ಬಂತು.

"ಈ ಮನಷ್ಯಾನ್ನ ಜೀಪಿನ್ಯಾಗ ಕೂಡ್ರಸ್ರಿ. ದವಾಖಾನಿಗೆ ಒಯ್ಯೋಣು."

"ಹೊಸ ಸೀಟ್ ಅದ ಅತ್ತಿ. ಹೊಲಸಾಗ್ತದ. ಹತ್ರಿ, ತಡ ಆಗಾಕತ್ತದ."

"ನೀವು ಹೋಗ್ರಿ. ನಾ ಬರಂಗಿಲ್ಲ."

ಅವನು ಎಲ್ಲ ದೀಪ ಉರಿಸಿಕೊಂಡೇ ಹೋದ. ಗುರುಬಾಯಿ ಸೆರಗು ಹರಿದು ಕುರಿಗಾರನ ಮೊಣಕಾಲಿಗೆ ಕಟ್ಟಿದಳು.

ಸ್ವಲ್ಪ ಹೊತ್ತಿಗೆ ಮಲಂಗಸಾಬನೆಂಬವನ ತೊಗರಿ ಲಾರಿ ಡಿಮ್ ಲೈಟಿನಲ್ಲಿ, ಹಾರ್ನ್ ಮಾಡುತ್ತ, ರಸ್ತೆಯ ಅಂಚು ಹಿಡಿದು ಬಂತು. ಸತ್ತ ಕುರಿಗಳನ್ನು ಕಂಡು ದೂರದಲ್ಲೇ ನಿಂತಿತು. ಅವನೇ ಇಳಿದು ಬಂದು ಬೀರಲಿಂಗಪ್ಪನನ್ನು ಎತ್ತಿ ತನ್ನ ಪಕ್ಕದಲ್ಲಿ ಕೂರಿಸಿಕೊಂಡ. ಗುರುಬಾಯಿಯೂ ಹತ್ತಿದಳು.

ಜೇವರ್ಗಿಯ ದವಾಖಾನೆ ಮುಗಿಸಿ ಗುಲಬರ್ಗಾದ ಜವಳಿ ಅಂಗಡಿ ಮುಟ್ಟಿದಾಗ ಮಧ್ಯಾಹ್ನವಾಗಿತ್ತು. ಶಾಂತಲಿಂಗಪ್ಪ ಅವಳ ಮನೆಯವರ ನಡುವೆ ಕೂತು ಚಹಾ ಕುಡಿಯುತ್ತ ಸೀರೆಯ ಬಣ್ಣ ಆರಿಸುತ್ತಿದ್ದ. ಗುರುಬಾಯಿ ನಡೆದದ್ದನ್ನೆಲ್ಲ ಅವನ ಎದುರಿಗೇ ಮನೆಯವರಿಗೆ ಹೇಳಿ, ಈ ಸಂಬಂಧ ಬೇಡ ಎಂದಳು.

"ಮೂರು ಕುರಿ ಸಲುವಾಗಿ ಸಂಬಂಧ ಮುರೀತೀರೇನ್ರಿ ವೈನಿ?" ಎಂದು ಮೈದುನ ಗುರಣ್ಣ ಕೇಳಿದ.

"ಇವರಿಗೆ ಮಗಳ್ನ ಕೊಟ್ರ ನನಗ ಅನ್ನ ಸೇರಂಗಿಲ್ಲ," ಎಂದಳು ಗುರುಬಾಯಿ.

ಸೀರೆಗಳು ಅಂಗಡಿಯಲ್ಲೇ ಉಳಿದವು. ಮಗಳು ಗುರುಶಾಂತಮ್ಮನ ಮದುವೆ ಎರಡು ವರ್ಷ ತಡವಾಗಿ ಆಳಂದದ ಒಬ್ಬ ಮಾಸ್ತರನ ಜೊತೆ ಆಯಿತು. ಶಾಂತಲಿಂಗಪ್ಪನಿಗೆ ೧೯೮೬ರಲ್ಲೇ ಬೇರೆ ಕಡೆ ಹೆಣ್ಣು ಸಿಕ್ಕಿತು. ಜೇವರ್ಗಿ ಸಂತೆಯಲ್ಲಿ ಎದುರಾದರೆ ಶರಣು ಎಂದು ಕೈ ಮುಗಿಯುತ್ತಿದ್ದ. ಗುರುಬಾಯಿ ಕೈ ಎತ್ತುತ್ತಿರಲಿಲ್ಲ.